ತೊಟ್ಟಿಲಿಗೆ ಮುಂಚಿನ ಪ್ರಶ್ನೆ

ದಾನಮ್ಮಕ್ಕ ನನಗೆ ಮೊದಲು ಪರಿಚಯವಾದದ್ದು ಹದಿನಾಲ್ಕು ಎಂಬ ಸಂಖ್ಯೆಯಾಗಿ. ಹೆಸರಿಲ್ಲ, ಮುಖವಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಸಾವಿರಾರು ಸಾಲುಗಳ ನಡುವೆ "ಸಂದರ್ಶಕರ ಕ್ರಮಾಂಕ ೧೪" ಎಂದಷ್ಟೇ ಇತ್ತು. ಆ ಹದಿನಾಲ್ಕನ್ನು ಅಳಿಸಿಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು, ನಾನು ಅಳಿಸಿಬಿಡುವವಳೂ ಇದ್ದೆ. ಹಾಗಾಗದಂತೆ ತಡೆದವರು ಇಬ್ಬರು ಮೂವರು ಇದ್ದಾರೆ. ಅವರಲ್ಲಿ ಒಬ್ಬರ ಹೆಸರು ಮಾತ್ರ ನನಗೆ ಗೊತ್ತಿಲ್ಲ. ಅವರಿಗೆಲ್ಲ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ನನ್ನ ಕೆಲಸವೇನೆಂದು ಅಮ್ಮನಿಗೆ ವಿವರಿಸಲು ಆರು ವರ್ಷದಿಂದ ಹೆಣಗಾಡುತ್ತಿದ್ದೇನೆ. ಅವಳು ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಬಿಲ್ಡಿಂಗಿನವರಿಗೆಲ್ಲ "ನಮ್ಮ ರಮಿತಾ ಖಾರಘರದಲ್ಲಿ ಆರೋಗ್ಯದ ಆಫೀಸಿನಲ್ಲಿದ್ದಾಳೆ" ಎಂದು ಹೇಳಿಕೊಂಡು ತಿರುಗುತ್ತಾಳೆ. ಅದನ್ನು ನಂಬಿ ಕೆಳಗಿನ ಮಹಡಿಯವರು ಮೊಣಕಾಲಿನ ಎಕ್ಸ್‌ರೇ ಹಿಡಿದುಕೊಂಡು ಬರುತ್ತಾರೆ. ನಾನು ಮೊಣಕಾಲು ನೋಡುವವಳಲ್ಲ. ಬೇರೆ ಬೇರೆ ದೇಶಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಆರೋಗ್ಯ ಸಮೀಕ್ಷೆಗಳನ್ನು ಒಂದೇ ಕಡತಕ್ಕೆ ಸೇರಿಸುವವಳು.

ಸೇರಿಸುವುದೆಂದರೆ ಒಂದರ ಕೆಳಗೆ ಒಂದನ್ನು ಅಂಟಿಸುವುದಲ್ಲ. ಐದು ಮನೆಯವರು ಐದು ಬೇರೆ ಬೇರೆ ಲೋಟಗಳಲ್ಲಿ ಅಳೆದ ಅಕ್ಕಿಯನ್ನು ಒಂದೇ ಪಾತ್ರೆಗೆ ಸುರಿದು, ಒಟ್ಟು ಎಷ್ಟೆಂದು ಹೇಳಬೇಕಾದ ಸ್ಥಿತಿ ನಮ್ಮದು. ಒಂದು ದೇಶದವರು ಒಂದೇ ಒಲೆಯಲ್ಲಿ ಉಣ್ಣುವವರನ್ನೆಲ್ಲ ಒಂದು ಮನೆ ಎಂದು ಎಣಿಸುತ್ತಾರೆ. ಇನ್ನೊಂದು ದೇಶದವರು ನಿನ್ನೆ ರಾತ್ರಿ ಆ ಸೂರಿನಡಿ ಮಲಗಿದವರನ್ನು ಮಾತ್ರ ಎಣಿಸುತ್ತಾರೆ. ಒಬ್ಬರ ತಿಂಗಳು ಇಪ್ಪತ್ತೆಂಟು ದಿನ, ಇನ್ನೊಬ್ಬರದು ಮೂವತ್ತು. ಇಂಥ ಪ್ರಶ್ನೆಗಳನ್ನು ಹೋಲಿಸಿ, ಜೋಡಿಯಾಗುವ ಕಾಲಂಗಳನ್ನು ಜೋಡಿಸುತ್ತೇವೆ. ಜೋಡಿ ಸಿಗದ್ದನ್ನು ಬಿಟ್ಟುಬಿಡುತ್ತೇವೆ. ತಲೆ ಚಿಟ್ಟು ಹಿಡಿಯುವ ಕೆಲಸ, ಆದರೆ ನನಗೆ ಇಷ್ಟದ್ದು.

ಆ ಸಲ ನಾವು ಸೇರಿಸುತ್ತಿದ್ದದ್ದು ಐದು ದೇಶಗಳ ಸಮೀಕ್ಷೆಗಳನ್ನು. ಕೂಲಿಗಾಗಿ ಪಟ್ಟಣಕ್ಕೆ ಬಂದವರ ವಸ್ತಿಗಳಲ್ಲಿ, ಅಂದರೆ ಜೋಪಡಿ ಓಣಿಗಳಲ್ಲಿ, ಹುಟ್ಟಿದ ತಿಂಗಳೊಳಗೆ ಎಷ್ಟು ಕೂಸುಗಳು ತೀರಿಕೊಳ್ಳುತ್ತವೆ ಎಂಬುದು ವಿಷಯ. ನಮ್ಮ ಕಡೆಯ ಮಾಹಿತಿ ಕಲ್ಯಾಣ, ಉಲ್ಹಾಸನಗರ, ಅಂಬರನಾಥಗಳ ವಸ್ತಿಗಳದ್ದು. ನಾಲ್ಕು ವರ್ಷದ ಹಿಂದೆ ಒಂದು ಏಜೆನ್ಸಿಯವರು ಹುಡುಗಿಯರನ್ನು, ಹೆಂಗಸರನ್ನು ಕಳಿಸಿ ಬರೆಸಿಕೊಂಡದ್ದು. ಹಾಗೆ ಹೋದವರು ಒಟ್ಟು ಇಪ್ಪತ್ತೊಂದು ಮಂದಿ. ಇಪ್ಪತ್ತು ಮಂದಿಯ ಅಂಕಿಗಳು ಹೆಚ್ಚುಕಡಿಮೆ ಒಂದೇ ತರಹ ಇದ್ದವು. ಹದಿನಾಲ್ಕನೆಯವರ ಅಂಕಿ ಮಾತ್ರ ಎರಡೂವರೆ ಪಟ್ಟು. ಅವರು ಮಾತಾಡಿಸಿದ ಇನ್ನೂರ ಎಂಬತ್ತಾರು ತಾಯಂದಿರ ಮನೆಗಳಲ್ಲಿ ಮೂವತ್ತೊಂದು ಎಳೆಗೂಸುಗಳು ತೀರಿಕೊಂಡಿದ್ದವು.

ನಮ್ಮ ಮುಖ್ಯಸ್ಥೆ ಪ್ರಿಯಂವದಾ ಮೇಡಂ ಬೆಂಗಳೂರಿನವರು. ಮಾತು ಕಡಿಮೆ, ತೀರ್ಮಾನ ಬೇಗ. ನಾನು ಆ ಸಾಲುಗಳನ್ನು ತೋರಿಸಿದಾಗ ಕನ್ನಡಕ ಏರಿಸಿ ಒಮ್ಮೆ ನೋಡಿದರು.

"ಒಬ್ಬಳ ಹತ್ರ ಮಾತ್ರ ಇಷ್ಟು ಸಾವು ಅಂದ್ರೆ ಏನರ್ಥ ರಮಿತಾ? ಮನೇಲಿ ಕೂತ್ಕೊಂಡು ತುಂಬಿಸಿದ್ದಾಳೆ. ಏಜೆನ್ಸಿಯವ್ರೂ ಆವಾಗ್ಲೇ ಡೌಟ್ ಅಂತ ಬರೆದಿದ್ದಾರೆ. ಡ್ರಾಪ್ ಮಾಡು. ಮುಂದಿನ ಶುಕ್ರವಾರ ಐದೂ ದೇಶದವ್ರ ಮೀಟಿಂಗ್ ಇದೆ, ಅಷ್ಟೊತ್ತಿಗೆ ಫೈಲ್ ಕ್ಲೀನ್ ಆಗ್ಬೇಕು."

ಸರಿ ಮೇಡಂ ಎಂದು ಎದ್ದುಬಂದೆ. ಕುರ್ಚಿಯಲ್ಲಿ ಕೂತ ಮೇಲೆ ನನ್ನೊಳಗಿನ ಜಗಳಗಂಟಿ ಎದ್ದಳು. ಕಳ್ಳಲೆಕ್ಕ ಬರೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ಕೆಲಸ ಕಡಿಮೆ ಮಾಡಿಕೊಳ್ಳಲು ಸುಳ್ಳು ಬರೆಯುತ್ತಾರೆ. ಫೋನಿನಲ್ಲಿ ತುಂಬುವ ಆ ಫಾರ್ಮಿನಲ್ಲಿ ಒಂದು ಮಗು ತೀರಿಕೊಂಡಿದೆ ಎಂದು ಒತ್ತಿದರೆ ಹನ್ನೊಂದು ಹೊಸ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಉರಿಬಿಸಿಲಲ್ಲಿ ತಗಡಿನ ಜೋಪಡಿಯೊಳಗೆ ಕೂತು, ಇಲ್ಲದ ಕೂಸನ್ನು ಸಾಯಿಸಿ, ಇನ್ನೂ ಹನ್ನೊಂದು ಪ್ರಶ್ನೆ ಮೈಮೇಲೆ ಎಳೆದುಕೊಳ್ಳುವ ಕಳ್ಳಿ ಎಲ್ಲಾದರೂ ಇದ್ದಾಳೆಯೇ?

ಹಾಗೆಂದು ಆ ಸಾಲುಗಳನ್ನು ಬಲಕ್ಕೆ ಸರಿಸುತ್ತ ಹೋದೆ. ಕೊನೆಯಲ್ಲಿ "ಇತರೆ ವಿಷಯ" ಎಂಬ ಕಾಲಂ ಇತ್ತು. ಅದನ್ನು ಯಾರೂ ಓದುವುದಿಲ್ಲ. ಕಡತ ಸೇರಿಸುವಾಗ ಎಲ್ಲಕ್ಕಿಂತ ಮೊದಲು ಕತ್ತರಿಸಿ ಬಿಸಾಡುವುದು ಅದನ್ನೇ. ಉಳಿದವರದೆಲ್ಲ ಖಾಲಿ, ಹದಿನಾಲ್ಕರದ್ದು ಮಾತ್ರ ಅಲ್ಲಲ್ಲಿ ತುಂಬಿತ್ತು. ತುಂಬಿದ್ದರೂ ಕಾಣಿಸುತ್ತಿದ್ದದ್ದು ಸಾಲು ಸಾಲು ಖಾಲಿ ಚೌಕಗಳು. ಕಂಪ್ಯೂಟರಿಗೆ ಗೊತ್ತಿಲ್ಲದ ಲಿಪಿ ಬಂದರೆ ಹಾಗಾಗುತ್ತದೆ. ಅದನ್ನು ಬೇರೆ ವಿಧಾನದಲ್ಲಿ ತೆರೆದೆ. ಚೌಕಗಳು ಹೋಗಿ ಕನ್ನಡ ಬಂತು.

"ತೊಟ್ಟಿಲಿಗೆ ಮುಂಚೆ ಹೋದ ಕೂಸು ೧. ಗಂಡು. ೪ ದಿನ."

"ತೊಟ್ಟಿಲಿಗೆ ಮುಂಚೆ ೧. ಹೆಣ್ಣು. ಒಂದೇ ದಿನ. ಅತ್ತಿತ್ತು."

"ತೊಟ್ಟಿಲಿಗೆ ಮುಂಚೆ ೧. ಗಂಡು. ೯ ದಿನ. ಹಾಲು ಕುಡಿತಿತ್ತು."

ಇಂಥವು ಹತ್ತೊಂಬತ್ತು ಇದ್ದವು. ಆ ಇಡೀ ಆಫೀಸಿನಲ್ಲಿ ಕನ್ನಡ ಓದಲು ಬರುವವರು ನಾನು ಮತ್ತು ಪ್ರಿಯಂವದಾ ಮೇಡಂ ಇಬ್ಬರೇ. ಡೊಂಬಿವಲಿಯಲ್ಲಿ ಹುಟ್ಟಿ ಮರಾಠಿ ಶಾಲೆಗೆ ಹೋದ ನನಗೆ ಬೇಸಿಗೆ ರಜೆಯಲ್ಲಿ ಬೆನ್ನಿಗೆ ಗುದ್ದಿ ಗುದ್ದಿ ಕನ್ನಡ ಅಕ್ಷರ ಕಲಿಸಿದವಳು ಅಮ್ಮ. ಅವತ್ತು ಅವಳನ್ನು ನೆನೆದು ಕಣ್ಣು ತುಂಬಿತು. "ಅತ್ತಿತ್ತು" ಎಂಬ ಆ ಒಂದು ಮಾತು ನನ್ನನ್ನು ಕುರ್ಚಿಯಿಂದ ಏಳಿಸಿಬಿಟ್ಟಿತ್ತು.

ಏಜೆನ್ಸಿಗೆ ಫೋನ್ ಮಾಡಿ ಹದಿನಾಲ್ಕು ಯಾರೆಂದು ಕೇಳಿದೆ. ಅವರು ನಕ್ಕು, "ದಾನಮ್ಮಾ ನಾ? ಖೋಟಿ ಬಾಯಿ. ಅವಳನ್ನ ಅವತ್ತೇ ಕಾಢೂನ್ ಟಾಕಲೀ" ಅಂದರು. ಸುಳ್ಳಿ, ತೆಗೆದುಹಾಕಿದೆವು ಎಂದು. ನಂಬರ್ ಮಾತ್ರ ಕೊಟ್ಟರು.

ಭಾನುವಾರ ಕಲ್ಯಾಣದ ಪೂರ್ವ ಭಾಗದ ವಸ್ತಿಯೊಂದಕ್ಕೆ ಹೋದೆ. ಅಲ್ಲಿ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಕೂಲಿಯವರೇ ತುಂಬಿದ್ದಾರೆ. ಹತ್ತಡಿಯ ಒಂದು ಕೋಣೆ, ಬಾಗಿಲಲ್ಲಿ ನೀರಿನ ನೀಲಿ ಡ್ರಮ್ಮು. ಒಳಗೆ ನೆಲದ ಮೇಲೆ ಕೂತು ದಾನಮ್ಮಕ್ಕ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಎತ್ತರದ ಆಳು. ಬೆರಳ ತುದಿಗಳೆಲ್ಲ ನೀಲಿಯಾಗಿದ್ದವು. ಏಜೆನ್ಸಿ ಬಿಡಿಸಿದ ಮೇಲೆ ಉಲ್ಹಾಸನಗರದ ಜೀನ್ಸ್ ಕಾರ್ಖಾನೆಯೊಂದರಲ್ಲಿ ಹೊಲಿದ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸಕ್ಕೆ ಸೇರಿದ್ದರು. ಆ ಬಣ್ಣ ಭಾನುವಾರಕ್ಕೂ ಬಿಡುವುದಿಲ್ಲವಂತೆ.

ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಬಿಗಿಯಿತು. ಆದರೂ ಚಾಪೆ ಹಾಸಿದರು.

"ಕೂಡ್ರಿ ಮೇಡಂ. ಬಯ್ಯಾಕ ಬಂದಿದ್ರ ಮೊದ್ಲ ಚಾ ಕುಡೀರಿ, ಆಮ್ಯಾಲ ಬೈರಿ."

"ಬಯ್ಯುದಕ್ಕೆ ಬಂದದ್ದಲ್ಲ ದಾನಮ್ಮಕ್ಕ. ಕೇಳಿಕ್ಕೆ ಬಂದದ್ದು."

"ಕೇಳೂದು ನನ್ನ ಕೆಲಸ ಇತ್ತು. ಈಗ ನನ್ನ ಕೇಳಾಕ ಬಂದೀರಿ, ನೋಡ್ರಿ" ಎಂದು ನಕ್ಕುಬಿಟ್ಟರು. ಆ ನಗು ಬಂದ ಮೇಲೆ ಮಾತು ತಡೆಯಲಿಲ್ಲ.

ಅವರು ಸಿಂದಗಿ ಕಡೆಯವರು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸಾಗಿದ್ದರು. ಹದಿನೆಂಟಕ್ಕೆ ಮದುವೆಯಾಗಿ ಗಂಡ ಯಂಕಣ್ಣನ ಜೊತೆ ಖಾರಘರಕ್ಕೆ ಬಂದರು. ಆಗ ಅಲ್ಲಿ ಗುಡ್ಡ ಬಿಟ್ಟರೆ ಏನೂ ಇರಲಿಲ್ಲವಂತೆ. ಕಟ್ಟಡ ಏಳುತ್ತಿದ್ದ ಜಾಗದಲ್ಲೇ ತಗಡಿನ ಶೆಡ್ಡು, ಯಂಕಣ್ಣ ಗಾರೆ ಕೆಲಸಕ್ಕೆ, ಇವರು ಇಟ್ಟಿಗೆ ಹೊರಲಿಕ್ಕೆ. ವಸ್ತಿಯಲ್ಲಿ ಓದು ಬರುವ ಹೆಣ್ಣು ಇವರೊಬ್ಬರೇ ಆದ್ದರಿಂದ ರೇಷನ್ ಕಾರ್ಡಿನಿಂದ ಔಷಧಿ ಚೀಟಿಯ ತನಕ ಎಲ್ಲ ಇವರ ಕೈಗೇ ಬರುತ್ತಿತ್ತು. ಒಮ್ಮೆ ಆರೋಗ್ಯ ಇಲಾಖೆಯ ಒಬ್ಬ ನರ್ಸಮ್ಮ ಭಾಷೆ ತಿಳಿಯದೆ ಪರದಾಡುತ್ತಿದ್ದಾಗ ಇವರು ನಡುವೆ ನಿಂತು ಹಿಂದಿಯನ್ನು ಕನ್ನಡ ಮಾಡಿ, ಕನ್ನಡವನ್ನು ಹಿಂದಿ ಮಾಡಿ ಕೊಟ್ಟರು. ಆ ನರ್ಸಮ್ಮನೇ ಇವರ ಹೆಸರನ್ನು ಏಜೆನ್ಸಿಗೆ ಹೇಳಿದ್ದು. "ಆಕಿನ್ನ ನಾ ದಿನಾ ನೆನಸ್ತೀನ್ರಿ. ತಲಿ ಮ್ಯಾಲಿನ ಬುಟ್ಟಿ ಇಳಿಸಿ ಕೈಯಾಗ ಪೆನ್ನು ಕೊಟ್ಟಾಕಿ" ಎಂದರು ದಾನಮ್ಮಕ್ಕ.

ಹತ್ತು ವರ್ಷದಲ್ಲಿ ಏಳು ಸಮೀಕ್ಷೆ ಮಾಡಿದ್ದರು. ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇನ್ನೂ ದೇವರ ಫೋಟೋದ ಹಿಂದೆ ಇಟ್ಟುಕೊಂಡಿದ್ದರು. ಹೊರಗೆ ತೆಗೆದು ತೋರಿಸಿದರು. ಫೋಟೋದಲ್ಲಿ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡ ದಾನಮ್ಮಕ್ಕ, ಕೆಳಗೆ ಹದಿನಾಲ್ಕು ಎಂಬ ಅಂಕಿ.

"ತೊಟ್ಟಿಲಿಗೆ ಮುಂಚೆ ಅಂತ ಬರೆದಿದ್ದೀರಲ್ಲ, ಅದು ಎಂತ?" ಎಂದು ಕೇಳಿದೆ.

ಅವರು ಸೊಪ್ಪನ್ನು ಬದಿಗಿಟ್ಟರು. "ಓದಿದ್ರೇನ್ರಿ ಅದನ್ನ? ನಾಕು ವರ್ಷಾತು, ಯಾರೂ ಓದಿಲ್ಲಂತ ಮಾಡಿದ್ದೆ." ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು: "ಫಾರ್ಮಿನ್ಯಾಗ ಹೆಂಗ ಐತಿ ಹಂಗ ಕೇಳಬೇಕು ಅಂತ ಟ್ರೇನಿಂಗಿನ್ಯಾಗ ಹೇಳಿದ್ರು. 'ಹುಟ್ಟಿ ತೀರಿಕೊಂಡ ಮಕ್ಕಳು ಅದಾರೇನು?' ಹಂಗ ಕೇಳಿದ್ರ ನಮ್ಮ ಹೆಣ್ಮಕ್ಳು ಇಲ್ಲ ಅಂತಾರ. ಸುಳ್ಳ ಹೇಳಾಕತ್ತಿಲ್ರಿ ಅವ್ರು. ನಮ್ಮ ಕಡೆ ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡೂ ತನಕಾ ಅದು ಮಗಾ ಅಲ್ಲ, ಮಗಳಾ ಅಲ್ಲ. ಬರೇ ಕೂಸು. ಅದಕ್ಕಿಂತ ಮುಂಚೆ ಹೋದ್ರ ಎಣಸಂಗಿಲ್ಲ, ಹೆಸರ ಹೇಳಿ ಅಳಂಗಿಲ್ಲ. ಹೆಸರಿದ್ರಲ್ಲೇನ್ರಿ ಅಳೂದು? ಅದಕ್ಕ ನಾ ಫಾರ್ಮಿನ ಪ್ರಶ್ನಿ ಕೇಳಿ ಮುಗಿಸಿದ ಮ್ಯಾಲ ನಂದೊಂದು ಕೇಳ್ತಿದ್ದೆ. 'ತೊಟ್ಟಿಲಿಗೆ ಹಾಕೂ ಮುಂಚೆ ಹೋದ ಕೂಸು ಏನಾರ ಐತೇನವಾ?' ಅಂತ. ಹಂಗ ಕೇಳಿದ್ರ ಹೇಳ್ತಿದ್ರು. ಒಬ್ಬೊಬ್ರು ಭಾಳ ಹೊತ್ತು ಹೇಳ್ತಿದ್ರು."

"ಹಾಗೆ ಕೇಳಬೇಕು ಅಂತ ನಿಮಗೆ ಹ್ಯಾಗೆ ಗೊತ್ತಾಯ್ತು?"

"ಗೊತ್ತಿತ್ತ್ರಿ" ಎಂದು ಚಹಾದ ಲೋಟ ನನ್ನ ಕಡೆ ಸರಿಸಿದರು. ನಾನು ಚಹಾ ಕುಡಿದೆ, ಮುಂದೆ ಕೇಳಲಿಲ್ಲ.

ಏಜೆನ್ಸಿಯವರು ಕಳ್ಳಲೆಕ್ಕ ಎಂದು ಹೇಗೆ ತೀರ್ಮಾನಿಸಿದರು ಎಂಬುದನ್ನು ದಾನಮ್ಮಕ್ಕ ಹೇಳಲು ಒಪ್ಪಲಿಲ್ಲ. "ಯಾರ ಮನ್ಯಾಗ ಏನ್ ಹೇಳಿದ್ರು ಅನ್ನೂದನ್ನ ಹೊರಗ ಹೇಳಬಾರದ್ರಿ. ಕಾಯ್ದೆ ಐತಿ. ಸಹಿ ಮಾಡೀನಿ" ಅಂದರು. ಕೆಲಸ ಹೋಗಿ ನಾಲ್ಕು ವರ್ಷವಾದರೂ ಆ ಸಹಿಗೆ ಇವರು ಬದ್ಧರು. ಇಂಥವರನ್ನು ಸುಳ್ಳಿ ಎಂದಿದ್ದಾರಲ್ಲ ಎಂದು ನನಗೆ ಪಿತ್ತ ನೆತ್ತಿಗೇರಿತು.

ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಪಕ್ಕದ ಮನೆಯ ಹೆಂಗಸು ಒಳಗೆ ಬಂದು ಕೂತಳು. ಮರೆಮ್ಮ ಅವಳ ಹೆಸರು, ರಾಯಚೂರಿನ ಕಡೆಯವಳು.

"ಅಕ್ಕ ಹೇಳಂಗಿಲ್ರಿ, ನಾನ ಹೇಳ್ತೀನಿ. ನನ್ನಿಂದಾನೇ ಅಕಿ ಕೆಲಸ ಹೋತು. ನಾ ಅಕ್ಕನ ಮುಂದ ನಂದು ಹೇಳಿದ್ದೆ, ಅಕಿ ಬರಕೊಂಡಿದ್ಲು. ವಾರ ಬಿಟ್ಟು ಸುಪರ್‌ವೈಜರ್ ಬಂದ. ಅಕ್ಕ ಬರದದ್ದು ಖರೇ ಐತೋ ಇಲ್ಲೋ ನೋಡಾಕ. ಹಿಂದಿ ಮಾತಿನ್ಯಾಗ ಕೇಳಿದ, ಎಷ್ಟು ಮಕ್ಕಳು, ಯಾರಾರ ಸತ್ತಾರೇನು ಅಂತ. ನಮ್ಮ ಮಾವ ಬಾಗಲದಾಗ ಕುಂತಿದ್ದ. ಮೂರು ಮಕ್ಕಳು, ಮೂರೂ ಅದಾವ ಅಂದೆ. ಆ ಮನಶ್ಯಾ ಹೊರಗ ಹೋಗಿ ಇಡೀ ಓಣಿಗೆ ಕೇಳೂ ಹಂಗ ಅಕ್ಕಗ ಬೈದ. ಸತ್ತಿಲ್ಲದ ಮಕ್ಕಳ್ನ ಸಾಯಸ್ತಿ ಅಂದ. ನಾ ಒಳಗ ನಿಂತ ಕೇಳಿದೆ. ಬಾಯಿ ತಗೀಲಿಲ್ಲ."

ಹೇಳುತ್ತ ಹೇಳುತ್ತ ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ದಾನಮ್ಮಕ್ಕ ಅವಳ ಬೆನ್ನು ಸವರಿ, "ಬಿಡು, ನಿನ್ನ ತಪ್ಪಲ್ಲ ಅದು. ಅವ್ನು ಕೇಳಿದ್ದಕ್ಕ ನೀ ಸರೀನ ಹೇಳಿದಿ" ಎಂದರು. ನನ್ನ ಕಡೆ ತಿರುಗಿ, "ಕೆಲಸದ್ದು ಹೋಗಲಿ ಮೇಡಂ, ಕೈ ಕಾಲು ಗಟ್ಟಿ ಅದಾವ. ಸತ್ತಿಲ್ಲದ ಕೂಸು ಸಾಯಿಸಿದಾಕಿ ಅಂದ್ರಲ್ಲ. ಅದೊಂದು ಅಳಸಾಕ ಆದ್ರ ನೋಡ್ರಿ" ಎಂದರು.

ವಾಪಸ್ ಬರುವಾಗ ಕಲ್ಯಾಣದಿಂದ ಡೊಂಬಿವಲಿಗೆ ಲೋಕಲ್‌ನಲ್ಲಿ ಬಾಗಿಲ ಬಳಿ ಸಿಕ್ಕಿಕೊಂಡು ನಿಂತಿದ್ದೆ. ನಾನು ಅವರನ್ನು ನಂಬಿದ್ದೆ, ಸರಿ. ಆದರೆ ಶುಕ್ರವಾರದ ಮೀಟಿಂಗಿನಲ್ಲಿ ನನ್ನ ನಂಬಿಕೆಯನ್ನು ಯಾರು ಕೇಳುತ್ತಾರೆ? ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ ಕೇಳಿದ್ದಾರೆ ಎಂಬುದೇ ಅವರ ಮೇಲಿನ ದೊಡ್ಡ ಅಪವಾದವಾಗುತ್ತದೆ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕೇಳಿದರೆ ಹೋಲಿಸುವುದು ಹೇಗೆ ಎಂದು ನಾನೇ ಎಷ್ಟು ಸಲ ಹೊಸಬರಿಗೆ ಪಾಠ ಹೇಳಿಲ್ಲ! ರೈಲು ಠಾಕುರ್ಲಿಯಲ್ಲಿ ನಿಂತಾಗ ಥಟ್ಟನೆ ಒಂದು ಕಾಲಂ ನೆನಪಾಯಿತು.

ಪಶ್ಚಿಮ ಆಫ್ರಿಕಾದ ಒಂದು ದೇಶದ ಕಡತದಲ್ಲಿ ನನಗೆ ಎಲ್ಲೂ ಜೋಡಿ ಸಿಗದ ಒಂದು ಕಾಲಂ ಇತ್ತು. "ಎಂಟನೆಯ ದಿನಕ್ಕೆ ಮುಂಚೆ" ಎಂದೇನೋ ಅದರ ಹೆಸರು. ಉಳಿದ ನಾಲ್ಕು ದೇಶಗಳಲ್ಲಿ ಅಂಥದ್ದಿರಲಿಲ್ಲ. ಅರ್ಥವಾಗದ್ದನ್ನು ಕೆದಕುವ ಪುರುಸೊತ್ತಿಲ್ಲದೆ ಅದನ್ನು ಬಿಸಾಡುವ ಪಟ್ಟಿಗೆ ಸೇರಿಸಿದ್ದೆ. ಡೊಂಬಿವಲಿಯಲ್ಲಿ ಇಳಿದವಳು ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಲ್ಯಾಪ್‌ಟಾಪ್ ತೆಗೆದೆ. ಅಮ್ಮ "ಎಂತ ಆಯ್ತು ನಿಂಗೆ, ಕೈಕಾಲಾದ್ರೂ ತೊಳಿ" ಎಂದು ಗದರಿದಳು.

ಆ ದೇಶದವರ ಪ್ರಶ್ನಾವಳಿಯ ಜೊತೆಗೆ ಒಂದು ಕೈಪಿಡಿಯಿತ್ತು. ಅದರಲ್ಲಿ ಆ ಪ್ರಶ್ನೆಯ ಕೆಳಗೆ ಯಾರೋ ನಾಲ್ಕು ಸಾಲು ಬರೆದಿದ್ದರು. ನಮ್ಮಲ್ಲಿ ಮಗುವನ್ನು ಎಂಟನೆಯ ದಿನ ಮನೆಯಿಂದ ಹೊರಗೆ ತಂದು ಹೆಸರಿಡುತ್ತಾರೆ. ಅದಕ್ಕೆ ಮುಂಚೆ ತೀರಿಕೊಂಡದ್ದನ್ನು ತಾಯಂದಿರು ತಮ್ಮ ಮಕ್ಕಳ ಲೆಕ್ಕದಲ್ಲಿ ಹೇಳುವುದಿಲ್ಲ. ಆದ್ದರಿಂದ ಮಾಮೂಲಿ ಪ್ರಶ್ನೆ ಮುಗಿದ ಮೇಲೆ, ಹೊರಗೆ ತರುವ ಮುಂಚೆ ಹೋದ ಕೂಸು ಇದೆಯೇ ಎಂದು ತಪ್ಪದೆ, ಮೆಲ್ಲಗೆ ಕೇಳಬೇಕು. ಇಷ್ಟೇ ಇದ್ದದ್ದು. ದಾನಮ್ಮಕ್ಕ ಕಲ್ಯಾಣದ ವಸ್ತಿಯಲ್ಲಿ ಕೂತು ತಾನೇ ಹುಟ್ಟಿಸಿಕೊಂಡ ಪ್ರಶ್ನೆ ಸಮುದ್ರದಾಚೆ ಅಚ್ಚಾಗಿ ಕೂತಿತ್ತು! ನಾನು ಅಡುಗೆಮನೆಗೆ ಓಡಿ ಅಮ್ಮನನ್ನು ಅಪ್ಪಿಕೊಂಡೆ. ಆ ನಾಲ್ಕು ಸಾಲು ಬರೆದ ಪುಣ್ಯಾತ್ಮರು ಯಾರೋ ತಿಳಿಯದು. ಅವರ ಹೊಟ್ಟೆ ತಣ್ಣಗಿರಲಿ.

ಸೋಮವಾರ ಪ್ರಿಯಂವದಾ ಮೇಡಂ ಎದುರು ಎರಡು ಲೆಕ್ಕ ಇಟ್ಟೆ. ಹದಿನಾಲ್ಕರ ಮೂವತ್ತೊಂದು ಸಾವುಗಳಿಂದ "ತೊಟ್ಟಿಲಿಗೆ ಮುಂಚೆ" ಎಂದು ಬರೆದ ಹತ್ತೊಂಬತ್ತನ್ನು ತೆಗೆದರೆ ಹನ್ನೆರಡು ಉಳಿಯುತ್ತದೆ. ಆಗ ಅವರ ಅಂಕಿ ಉಳಿದ ಇಪ್ಪತ್ತು ಮಂದಿಯ ಅಂಕಿಗೆ ಸರಿಯಾಗಿ ಕೂರುತ್ತದೆ. ಆಫ್ರಿಕಾದ ಕಡತದಿಂದಲೂ ಎಂಟನೆಯ ದಿನದ ಕಾಲಂ ತೆಗೆದು ನೋಡಿದರೆ ಅಲ್ಲೂ ಅಷ್ಟೇ, ಅರ್ಧಕ್ಕೂ ಹೆಚ್ಚು ಇಳಿಯುತ್ತದೆ.

ಮೇಡಂ ಬಹಳ ಹೊತ್ತು ನೋಡಿದರು. "ಪ್ರೋಟೋಕಾಲ್ ಮುರಿದಿದ್ದಾಳೆ ಅನ್ನೋದಂತೂ ನಿಜ ತಾನೆ?"

"ಹೌದು ಮೇಡಂ. ಆದ್ರೆ ಫಾರ್ಮಿನ ಪ್ರಶ್ನೆ ಪೂರ್ತಿ ಕೇಳಿ, ಆಮೇಲೆ ತನ್ನದನ್ನು ಕೇಳಿದ್ದಾರೆ. ಯಾವುದರಿಂದ ಯಾವುದು ಬಂತು ಅಂತ ಬೇರೆ ಬರೆದಿಟ್ಟಿದ್ದಾರೆ. ನಮ್ಮ ಪಿಎಚ್‌ಡಿಯವ್ರು ಸಹ ಇಷ್ಟು ಶಿಸ್ತಿನಲ್ಲಿ ಮುರಿಯುದಿಲ್ಲ." ಕೊನೆಯ ಮಾತು ಬೇಡವಾಗಿತ್ತು. ಮೇಡಂ ಪಿಎಚ್‌ಡಿ ಮಾಡಿದವರು.

ಅವರು ಬೇಸರಿಸಲಿಲ್ಲ. "ಇತರೆ ವಿಷಯ" ಕಾಲಂ ತೆರೆಸಿ ಒಂದೊಂದೇ ಓದಿಕೊಂಡು ಹೋದರು. ಹನ್ನೆರಡೋ ಹದಿಮೂರೋ ಆದ ಮೇಲೆ ಕನ್ನಡಕ ತೆಗೆದರು.

"ಹಾಗಾದ್ರೆ ತಪ್ಪು ಬಂದಿರೋದು ಹದಿನಾಲ್ಕರದ್ದಲ್ಲ, ಮಿಕ್ಕ ಇಪ್ಪತ್ತರದ್ದು. ನಂದೂ ತಪ್ಪೇ. ಇವಳನ್ನ ಬಿಸಾಕು ಅಂತ ನಾನೇ ಹೇಳ್ದೆ. ಆ ಕಾಲಂ ಇಟ್ಕೋ ರಮಿತಾ, ಎರಡೂ ದೇಶದ್ದು ಜೋಡಿಸು. ಉಳಿದ ಕಡೆ ಕಡಿಮೆ ಎಣಿಕೆ ಆಗಿರಬಹುದು ಅಂತ ಸ್ಪಷ್ಟವಾಗಿ ಬರಿ. ಶುಕ್ರವಾರ ನಾನೇ ಮಾತಾಡ್ತೀನಿ. ಆಮೇಲೆ ಏಜೆನ್ಸಿಗೂ ಅವ್ರಿಗೂ ಒಂದು ಲೆಟರ್ ಟೈಪ್ ಮಾಡು, ಸೈನ್ ಮಾಡ್ತೀನಿ."

ಹಿರಿಯ ಹುದ್ದೆಯಲ್ಲಿರುವವರು ನನ್ನ ತಪ್ಪು ಎಂದು ಅಷ್ಟು ಸರಾಗವಾಗಿ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಶುಕ್ರವಾರದ ಮೀಟಿಂಗ್ ಮುಗಿಯುವಷ್ಟರಲ್ಲಿ ಹತ್ತೊಂಬತ್ತು ಕೂಸುಗಳು ಐದು ದೇಶಗಳ ಕಡತದಲ್ಲಿ ಉಳಿದುಕೊಂಡಿದ್ದವು.

ಏಜೆನ್ಸಿಗೆ ಹೋದ ಪತ್ರ ಇಂಗ್ಲಿಷಿನಲ್ಲಿತ್ತು. ದಾನಮ್ಮಕ್ಕನಿಗೆ ಕೊಡುವ ಪತ್ರವನ್ನು ಕನ್ನಡದಲ್ಲಿ ಬರೆದೆ. "ಹದಿನಾಲ್ಕನೆಯ ಕ್ರಮಾಂಕದ ಸಂದರ್ಶಕಿ ದಾನಮ್ಮ ಅವರು ಬರೆದದ್ದೆಲ್ಲವೂ ಸತ್ಯ. ಅದನ್ನು ಸುಳ್ಳೆಂದು ತಿಳಿದದ್ದು ನಮ್ಮ ತಪ್ಪು. ಅವರಿಗೆ ಈ ಸಂಸ್ಥೆ ಋಣಿಯಾಗಿದೆ" ಎಂದಿತ್ತು. ಅದನ್ನು ಕೈಯಾರೆ ಕೊಡಲು ಮತ್ತೆ ಕಲ್ಯಾಣಕ್ಕೆ ಹೋದೆ. ದಾನಮ್ಮಕ್ಕ ಒಳಗೆ ಓದಲಿಲ್ಲ. ಮರೆಮ್ಮನನ್ನೂ ಯಂಕಣ್ಣನನ್ನೂ ಕರೆದು, ಅವತ್ತು ಸುಪರ್‌ವೈಜರ್ ನಿಂತು ಬೈದ ಅದೇ ಓಣಿಯ ನಡುವೆ ನಿಂತು, ಶಾಲೆಯ ಹುಡುಗಿಯ ಹಾಗೆ ದೊಡ್ಡ ದನಿಯಲ್ಲಿ ಓದಿದರು. ನೀರು ಹಿಡಿಯುತ್ತಿದ್ದವರೆಲ್ಲ ಕೊಡ ಕೆಳಗಿಟ್ಟು ಕೇಳಿದರು. ಓದಿ ಮುಗಿಸಿ, "ನೋಡವಾ ಮರೆಮ್ಮ, ಅಳಿಸಿದ್ರು" ಎಂದರು. ಅವತ್ತಿನಿಂದ ನಾನು ಮೇಡಂ ಹೋಗಿ ತಂಗಿಯಾದೆ.

ಈ ವರ್ಷ ಹೊಸ ಸಮೀಕ್ಷೆ ಶುರುವಾಯಿತು. ಫಾರ್ಮಿನಲ್ಲಿ ದಾನಮ್ಮಕ್ಕನ ಪ್ರಶ್ನೆ ಅಚ್ಚಾಗಿ ಬಂತು, ಹುಡುಗಿಯರಿಗೆ ಅದನ್ನು ಕೇಳುವುದು ಹೇಗೆಂದು ಕಲಿಸಲು ಅವರನ್ನೇ ಕರೆಸಿಕೊಂಡೆವು. ಜೀನ್ಸ್ ಕಾರ್ಖಾನೆಗೆ ವಾರದ ರಜೆ ಹೇಳಿ ಬಂದರು. ಕಲ್ಯಾಣದ ಒಂದು ಸಣ್ಣ ಹಾಲ್‌ನಲ್ಲಿ ಹದಿನೈದು ಹುಡುಗಿಯರು. ದಾನಮ್ಮಕ್ಕ ಹಳೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದರು.

"ಪ್ರಶ್ನಿ ಕೇಳಿ ಲಗೂನ ಮುಂದಿಂದು ಕೇಳಬ್ಯಾಡ್ರಿ. ತಡೀರಿ. ನಿಮ್ಮ ಫೋನ್ ಕೆಳಗಿಡ್ರಿ. ಮನ್ಯಾಗ ಗಂಡಸ್ರಿದ್ರ ನೀರ ಕೇಳ್ರಿ, ಅಕಿ ನೀರ ತರಾಕ ಒಳಗ ಹೋದಾಗ ಹಿಂದ ಹೋಗ್ರಿ." ಇಂಥವು ಯಾವ ಕೈಪಿಡಿಯಲ್ಲೂ ಇಲ್ಲ. ನಾನು ಹಿಂದೆ ಕೂತು ಬರೆದುಕೊಂಡೆ.

ಮಧ್ಯಾಹ್ನ ಕಾಗದದ ಮೇಲೆ ಅಭ್ಯಾಸ. ಇಬ್ಬಿಬ್ಬರು ಎದುರುಬದುರು ಕೂತು ಒಬ್ಬಳು ಕೇಳಬೇಕು, ಇನ್ನೊಬ್ಬಳು ಯಾರೋ ತಾಯಿಯಂತೆ ಉತ್ತರ ಹುಟ್ಟಿಸಿ ಹೇಳಬೇಕು, ಆಮೇಲೆ ಅದಲುಬದಲು, ತಲೆಗೊಂದು ಹಾಳೆ. ಹದಿನೈದರಲ್ಲಿ ಅಮಿತಾ ಎಂಬ ಹುಡುಗಿಗೆ ಜೋಡಿ ಸಿಗಲಿಲ್ಲ. ಅಂಬರನಾಥದವಳು, ಮನೆಯಲ್ಲಿ ಅಜ್ಜಿಯೊಡನೆ ಮಾತ್ರ ಕನ್ನಡ. ದಾನಮ್ಮಕ್ಕ ಅವಳ ಎದುರು ಕೂತರು. ನಾನು ಬೆನ್ನ ಹಿಂದೆಯೇ ಇದ್ದೆ.

"ಆಂಟಿ, ನಿಮ್ಮದು ಟೋಟಲ್ ಎಷ್ಟು ಮಕ್ಕಳು?"

"ಮೂರು."

"ಹುಟ್ಟಿ ತೀರಿಕೊಂಡ ಮಕ್ಕಳು ಇದ್ದಾರಾ?"

"ಇಲ್ಲ."

ಅಮಿತಾ ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟು, ಹೇಳಿಕೊಟ್ಟ ಹಾಗೆಯೇ ಸ್ವಲ್ಪ ತಡೆದು, ಮುಖ ನೋಡಿ ಕೇಳಿದಳು: "ತೊಟ್ಟಿಲಿಗೆ ಹಾಕೋ ಮುಂಚೆ ಹೋದ ಕೂಸು ಏನಾದ್ರೂ ಇದೆಯಾ, ಆಂಟಿ?"

ದಾನಮ್ಮಕ್ಕ ಕೊರಳಿನ ಗುರುತಿನ ಚೀಟಿಯನ್ನು ಹಿಡಿದುಕೊಂಡರು. ಅಮಿತಾ ಮುಂದಿನ ಪ್ರಶ್ನೆಗೆ ಹೋಗದೆ ಕಾದಳು. ಮೇಲೆ ಫ್ಯಾನು ತಿರುಗುತ್ತಿತ್ತು.

"ಐತಿ" ಎಂದರು ದಾನಮ್ಮಕ್ಕ.

"ಗಂಡಾ, ಹೆಣ್ಣಾ?"

"ಹೆಣ್ಣು."

"ಎಷ್ಟು ದಿನ ಇತ್ತು?"

"ಹನ್ನೊಂದು ದಿನ. ನಾಡಿದ್ದು ತೊಟ್ಟಿಲು ಇಟ್ಟುಕೊಂಡಿದ್ವಿ. ಖಾರಘರದ ಶೆಡ್ಡಿನ್ಯಾಗ ಇದ್ವಿ ಆವಾಗ. ಅವರಪ್ಪ ಸೆಂಟ್ರಿಂಗ್ ಹಲಗಿ ಜೋಡಿಸಿ ತೊಟ್ಟಿಲ ಮಾಡಿದ್ದ. ಹೆಸರ ಸೈತ ಆರಿಸಿದ್ದೆ." ಹೆಸರೇನೆಂದು ಹೇಳಲಿಲ್ಲ. ಫಾರ್ಮಿನಲ್ಲಿ ಆ ಪ್ರಶ್ನೆ ಇಲ್ಲ.

ಅಮಿತಾ ಎಲ್ಲ ಬರೆದು, ಒಟ್ಟು ಹೆತ್ತ ಮಕ್ಕಳು ಎಂಬಲ್ಲಿ ಮೂರನ್ನು ಹೊಡೆದು ನಾಲ್ಕು ಎಂದು ಬರೆದಳು.

"ಗೊತ್ತಿತ್ತ್ರಿ" ಎಂದು ಅವರು ಅವತ್ತು ಚಹಾದ ಲೋಟ ಸರಿಸಿದ್ದು ನೆನಪಾಗಿ ನಾನು ನಿಂತಲ್ಲೇ ನಿಂತೆ. ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನಾನು ಅವರ ಮನೆಯಲ್ಲಿ ಕೂತು, ಅವರ ಕೈಯ ಚಹಾ ಕುಡಿದು, ಕೇಳದೆ ಎದ್ದು ಬಂದಿದ್ದೆ. ಅವರು ಇನ್ನೂರ ಎಂಬತ್ತಾರು ತಾಯಂದಿರನ್ನು ಕೇಳಿದ್ದರು. ಅವರ ಮನೆ ಮಾತ್ರ ಯಾವ ಸಮೀಕ್ಷೆಯ ಪಟ್ಟಿಯಲ್ಲೂ ಬಂದಿರಲಿಲ್ಲ.

ಅಭ್ಯಾಸದ ಕಾಗದಗಳನ್ನು ಸಂಜೆ ಹರಿದುಹಾಕಬೇಕು. ಹುಟ್ಟಿಸಿ ಹೇಳಿದ ಉತ್ತರಗಳು ನಿಜವಾದವುಗಳ ಜೊತೆ ಸೇರಬಾರದೆಂದು ಹಾಗೊಂದು ನಿಯಮವಿದೆ. ಹದಿನಾಲ್ಕು ಹಾಳೆ ಹರಿದೆ. ಹದಿನೈದನೆಯದನ್ನು ಹಿಡಿದುಕೊಂಡು ನಿಂತೆ. ದಾನಮ್ಮಕ್ಕ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಒಮ್ಮೆ ಕಣ್ಣಾಡಿಸಿ, ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು.

"ಅಕ್ಕ..."

"ಕಾಯ್ದೆ ಅಂದ್ರ ಕಾಯ್ದೆ, ತಂಗಿ. ನಮ್ಮನಿ ಲಿಸ್ಟಿನ್ಯಾಗ ಇಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಇಪ್ಪತ್ತೆರಡು ವರ್ಷಾತು. ಇವತ್ತ ಒಬ್ಬಾಕಿ ಕೇಳಿದ್ಲು. ನಾ ಹೇಳಿದೆ. ನನಗ ಇಷ್ಟ ಸಾಕು."

ಆಮೇಲೆ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಅಮಿತಾಳನ್ನು ಕರೆದು, ನೀಲಿ ಬೆರಳುಗಳಿಂದ ಅವಳ ಗಲ್ಲ ಹಿಡಿದರು.

"ಛಲೋ ಕೇಳಿದಿ ಯವ್ವಾ. ನಾಳಿಂದ ಎಲ್ಲಾರ್ನೂ ಹಿಂಗ ಕೇಳು."